ಬೆಟ್ಟಕ್ಕೆ ಕಿಲೋಮೀಟರ್ ಲೆಕ್ಕ ಸಾಲದು

ದಿನಾ ಪಾರ್ಕಿನಲ್ಲಿ 5 ಕಿಲೋಮೀಟರ್ ನಡೆಯುವವರು ಬೆಟ್ಟಕ್ಕೆ ಹೊರಡುವಾಗ ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್?’ ಅಂತ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ 12-13 ಕಿಲೋಮೀಟರ್ ಅಂದರೆ ಸಾಕು, ಮನಸ್ಸಿನಲ್ಲೇ ಗುಣಾಕಾರ ಮುಗಿದಿರುತ್ತದೆ: ಪಾರ್ಕಿನ ಎರಡೂವರೆ ಪಟ್ಟು, ಹೆಚ್ಚೆಂದರೆ ಮೂರು ಗಂಟೆ. ಆದರೆ ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಕುಮಾರ ಪರ್ವತದ ತುದಿ 1,712 ಮೀಟರ್. ನಡುವಿನ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರು ಆ ಗುಣಾಕಾರದಲ್ಲಿ ಎಲ್ಲೂ ಬಂದಿಲ್ಲ.

ಈ ಏರು ಎಷ್ಟೆಂದು ತಿಳಿಯಲು ಚಾಮುಂಡಿ ಬೆಟ್ಟವನ್ನು ಅಳತೆಗೋಲು ಮಾಡಿಕೊಳ್ಳಬಹುದು. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತಲೆ ಸುಮಾರು 1,060 ಮೀಟರ್. ಅಂದರೆ ಊರಿನಿಂದ ಬೆಟ್ಟಕ್ಕೆ ಹೆಚ್ಚುಕಡಿಮೆ 290 ಮೀಟರ್ ಏರು. ಮೆಟ್ಟಿಲು ಸಾವಿರದ ಎಂಟು. ಏಳುನೂರನೆಯ ಮೆಟ್ಟಿಲಿನ ಹತ್ತಿರ ದೊಡ್ಡ ನಂದಿ ಸಿಗುವ ಹೊತ್ತಿಗೆ ಹೊಸಬರ ಅಂಗಿ ಬೆನ್ನಿಗೆ ಅಂಟಿರುತ್ತದೆ. ಕುಕ್ಕೆಯಿಂದ ಕುಮಾರ ಪರ್ವತ ಅಂದರೆ ಇಂಥ ಐದಕ್ಕೂ ಹೆಚ್ಚು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿದಂತೆ. ಆಮೇಲೆ ಅಷ್ಟನ್ನೂ ಇಳಿಯಬೇಕು.

ಹಾಗೆಯೇ ತುದಿಯ ಎತ್ತರ ನೋಡಿ ಹೆದರುವುದೂ ತಪ್ಪು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಅಲ್ಲಿಗೆ ಹತ್ತಿರದವರೆಗೂ ರಸ್ತೆ ಇದೆ. ಕೊನೆಗೆ ಕೆಲವು ನೂರು ಮೆಟ್ಟಿಲು ಹತ್ತಿದರೆ ದೇವಸ್ಥಾನ. ಕೊಡಗಿನ ತಡಿಯಂಡಮೋಳ್ 1,748 ಮೀಟರ್, ಕುಮಾರ ಪರ್ವತಕ್ಕಿಂತ ಎತ್ತರ. ಆದರೆ ನಾಲ್ಕುನಾಡು ಅರಮನೆಯ ಕಡೆಯಿಂದ ಹೊರಡುವ ಆ ದಾರಿ ಶುರುವಾಗುವುದೇ ಎತ್ತರದ ನೆಲದಲ್ಲಿ, ಹಾಗಾಗಿ ಹತ್ತಬೇಕಾದದ್ದು ಕಡಿಮೆ. ಎತ್ತರವೇ ಬೇರೆ, ಏರು ಬೇರೆ. ಯಾವ ದಾರಿಯ ಬಗ್ಗೆ ವಿಚಾರಿಸಿದರೂ ‘ಹೊರಡುವ ಜಾಗ ಎಷ್ಟು ಎತ್ತರದಲ್ಲಿದೆ, ಮುಟ್ಟುವ ಜಾಗ ಎಷ್ಟು ಎತ್ತರದಲ್ಲಿದೆ’ ಎಂದು ಎರಡು ಅಂಕಿ ಕೇಳಿ.

ಏರನ್ನು ಗಂಟೆಗೆ ತಿರುಗಿಸುವ ಸೂತ್ರವೊಂದಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹೇಳಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಹಾಕಿ ನೋಡಿ: 13 ಕಿಲೋಮೀಟರಿಗೆ ಎರಡೂವರೆ ಗಂಟೆ ಚಿಲ್ಲರೆ, ಏರಿಗೆ ಎರಡೂವರೆ ಗಂಟೆ ಚಿಲ್ಲರೆ, ಒಟ್ಟು ಐದು ಗಂಟೆಗೂ ಹೆಚ್ಚು. ಅದು ಪಳಗಿದ ಕಾಲಿನವರು ಎಲ್ಲೂ ಕೂರದೆ ನಡೆದರೆ. ನಮ್ಮ ಸೆಕೆ, ಬೆನ್ನಿನ ಚೀಲ, ಫೋಟೊ, ಬುತ್ತಿ ಎಲ್ಲ ಸೇರಿಸಿ ಆ ಲೆಕ್ಕಕ್ಕೆ ಅರ್ಧದಷ್ಟು ಕೂಡಿಸಿಕೊಳ್ಳುವುದು ಜಾಣತನ. ಆಗ ಬರೀ ಹತ್ತಲು ಏಳೆಂಟು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಟವರು ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಇಳಿಯುವುದು ಯಾಕೆಂದು ಈ ಲೆಕ್ಕವೇ ಹೇಳುತ್ತದೆ.

ಹತ್ತುವುದು

70 ಕಿಲೋ ತೂಕದವರು 290 ಮೀಟರ್ ಹತ್ತಿದರೆ ಮೈಯನ್ನು ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 48 ಕಿಲೋಕ್ಯಾಲೊರಿ ಮಾತ್ರ. ಆದರೆ ನಮ್ಮ ಸ್ನಾಯುಗಳು ಸುಡುವ ಇಂಧನದಲ್ಲಿ ಕೆಲಸವಾಗಿ ಬದಲಾಗುವುದು ಐದರಲ್ಲೊಂದು, ತಪ್ಪಿದರೆ ನಾಲ್ಕರಲ್ಲೊಂದು ಪಾಲು. ಮಿಕ್ಕಿದ್ದೆಲ್ಲ ಬಿಸಿ. ಹಾಗಾಗಿ ನಿಜವಾಗಿ ಖರ್ಚಾಗುವುದು 190ರಿಂದ 240 ಕಿಲೋಕ್ಯಾಲೊರಿ. ಬೆಟ್ಟ ಇಳಿದು ತಿನ್ನುವ ಒಂದು ಮಸಾಲೆ ದೋಸೆಯೇ ಅದನ್ನು ವಾಪಸು ತಂದುಕೊಡುತ್ತದೆ. ತೂಕ ಇಳಿಸಲೆಂದೇ ಬೆಟ್ಟಕ್ಕೆ ಹೋಗುವವರು ಈ ಮಾತು ನೆನಪಿಟ್ಟುಕೊಳ್ಳಬೇಕು. ಬೆಟ್ಟದಿಂದ ಸಿಗುವ ದೊಡ್ಡ ಲಾಭ ಹೃದಯಕ್ಕೆ, ಶ್ವಾಸಕೋಶಕ್ಕೆ, ತೊಡೆಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಬಿರುಸಿನ ವ್ಯಾಯಾಮ. ಭಾನುವಾರದ ಒಂದು ಬೆಟ್ಟ ಅದರ ಬಹುಪಾಲನ್ನು ಒಂದೇ ಕಂತಿನಲ್ಲಿ ತೀರಿಸುತ್ತದೆ.

ಆ ಮಿಕ್ಕ ಬಿಸಿಯ ಕಡೆಗೆ ಬನ್ನಿ. ಮೈ ಅದನ್ನು ಹೊರಹಾಕುವುದು ಮುಖ್ಯವಾಗಿ ಬೆವರಿನಿಂದ. ಆದರೆ ಬೆವರು ಸುರಿದರೆ ಸಾಲದು, ಅದು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಬಿಸಿ ಹೊತ್ತೊಯ್ಯುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದರೆ ಮೈ ತಣಿಸುವ ಕೆಲಸ ಆಗಲೇ ಇಲ್ಲ. ಕುಮಾರ ಪರ್ವತದ ಕೆಳಗಿನ ಕಾಡಿನಲ್ಲಿ ನೆರಳಿದ್ದೂ ಜನ ಸೋಲುವುದು ಇದಕ್ಕೇ. ಕರಾವಳಿಯ ಕಡೆಯ ಗಾಳಿ ಮೊದಲೇ ತೇವ, ಮರಗಳ ನಡುವೆ ಅದು ಆಡುವುದೂ ಇಲ್ಲ, ಬೆವರು ಆರುವುದಿಲ್ಲ. ಅದೇ ಮೇಲಿನ ಬಯಲು ಹುಲ್ಲುಗಾವಲಿಗೆ ಬಂದರೆ ಬಿಸಿಲಿದ್ದರೂ ಗಾಳಿ ಬೀಸಿ ಹಗುರ ಅನ್ನಿಸುತ್ತದೆ. ಆ ಹಗುರವೂ ಅರ್ಧ ಮೋಸ: ಬೆವರು ಕಾಣದಂತೆ ಆರಿಹೋಗುವುದರಿಂದ ನೀರು ಕುಡಿಯುವುದು ಮರೆತುಹೋಗುತ್ತದೆ.

ನೀರು ಗಂಟೆಗೆ ಅರ್ಧ ಲೀಟರ್, ಬಿಸಿಲಲ್ಲಿ ಮುಕ್ಕಾಲು. ಒಂದೇ ಸಲ ಗಟಗಟ ಕುಡಿದರೆ ಹೊಟ್ಟೆಯಲ್ಲಿ ಕುಲುಕುತ್ತದೆ. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಸಾಕು. ಐದಾರು ಗಂಟೆಯ ದಾರಿಯಲ್ಲಿ ಬರೀ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗಿ ತಲೆನೋವು, ವಾಕರಿಕೆ, ಮಂಕು ಬರುತ್ತದೆ. ಬಿಸಿಲಿನ ದಾಹದ ಲಕ್ಷಣಗಳೂ ಹೀಗೇ ಇರುವುದರಿಂದ ಪಕ್ಕದವರು ‘ಇನ್ನೂ ನೀರು ಕುಡಿ’ ಎಂದು ಒತ್ತಾಯಿಸುತ್ತಾರೆ, ತೊಂದರೆ ಹೆಚ್ಚಾಗುತ್ತದೆ. ಅದಕ್ಕೆ ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಅದಕ್ಕಿಂತ ಹೆಚ್ಚಬಾರದು. ಉಪ್ಪು ಹಾಕಿದ ಮಜ್ಜಿಗೆಯೂ ಆದೀತು, ಬೆಳಗಿನ ತಂಪು ಇರುವಷ್ಟು ಹೊತ್ತು. ಬಿಪಿ ಇರುವವರು ಮಾತ್ರ ಉಪ್ಪಿನ ವಿಷಯ ವೈದ್ಯರ ಹತ್ತಿರ ಮೊದಲೇ ಮಾತಾಡಿಕೊಳ್ಳಲಿ.

ಇನ್ನು ವೇಗ. ಹೊಸಬರು ಸೋಲುವುದು ಕಡಿದಾದ ಜಾಗದಲ್ಲಲ್ಲ, ಮೊದಲ ಇಪ್ಪತ್ತು ನಿಮಿಷದಲ್ಲಿ. ಕಾಲು ತಕ್ಷಣ ಕೆಲಸ ಶುರುಮಾಡುತ್ತದೆ, ಹೃದಯ ಮತ್ತು ಶ್ವಾಸಕೋಶ ಅದರ ಹದಕ್ಕೆ ಬರಲು ಕೆಲವು ನಿಮಿಷ ಬೇಕು. ಆ ಕೊರತೆಯ ಹೊತ್ತಿನಲ್ಲಿ ಉತ್ಸಾಹದಿಂದ ದಾಪುಗಾಲು ಹಾಕಿದರೆ ತೊಡೆ ಉರಿಯುತ್ತದೆ, ದಮ್ಮು ಕಟ್ಟುತ್ತದೆ, ಮತ್ತೆ ಇಡೀ ದಿನ ಕಾಲು ಭಾರ. ಶುರುವಿನಲ್ಲಿ ‘ಇದೇನು ಇಷ್ಟು ನಿಧಾನ’ ಅನ್ನಿಸುವ ಹೆಜ್ಜೆಯೇ ಸರಿಯಾದ ಹೆಜ್ಜೆ. ಪರೀಕ್ಷೆ ಸುಲಭ: ಜೊತೆಯವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಪದಕ್ಕೊಮ್ಮೆ ಉಸಿರೆಳೆಯುವಂತಾದರೆ ನಿಲ್ಲಬೇಡಿ, ಹೆಜ್ಜೆ ಚಿಕ್ಕದು ಮಾಡಿ. ಎತ್ತರದ ಮೆಟ್ಟಿಲಾದರೆ ಪಕ್ಕದ ಕಲ್ಲಿನ ಮೇಲೆ ಕಾಲಿಟ್ಟು ಒಂದನ್ನು ಎರಡು ಮಾಡಿಕೊಳ್ಳಿ. ಮುಂದಿನ ಕಾಲಿಗೆ ಭಾರ ಹಾಕುವ ಮೊದಲು ಹಿಂದಿನ ಕಾಲನ್ನು ಒಂದು ಕ್ಷಣ ನೆಟ್ಟಗೆ ನಿಲ್ಲಿಸಿದರೆ ಭಾರ ಮೂಳೆಯ ಮೇಲೆ ಬೀಳುತ್ತದೆ, ತೊಡೆಗೆ ಆ ಕ್ಷಣದ ಬಿಡುವು ಸಿಗುತ್ತದೆ. ಸಾವಿರ ಮೆಟ್ಟಿಲಿಗೆ ಸಾವಿರ ಬಿಡುವು. ಎದೆ ಹಿಡಿದಂತಾಗುವುದು, ನೋವು ಎಡತೋಳು ಅಥವಾ ದವಡೆಗೆ ಹರಡುವುದು, ಕಣ್ಣು ಕತ್ತಲೆ ಬರುವುದು ದಣಿವಲ್ಲ. ಅಲ್ಲೇ ಕೂತು ಸಹಾಯಕ್ಕೆ 112ಕ್ಕೆ ಕರೆ ಮಾಡಬೇಕು.

ಇಳಿಯುವುದು

ತುದಿ ಮುಟ್ಟಿದಾಗ ‘ಕಷ್ಟ ಮುಗಿಯಿತು’ ಅನ್ನುತ್ತಾರೆ. ದಮ್ಮಿನ ಕಷ್ಟ ಮುಗಿಯಿತು, ನಿಜ. ತೊಡೆ-ಮಂಡಿಯ ಕಷ್ಟ ಶುರುವಾಗುವುದೇ ಅಲ್ಲಿಂದ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಮುದುಡುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಭಾರ ಹೊತ್ತುಕೊಂಡು ಉದ್ದವಾಗುತ್ತಾ ಹೋಗುತ್ತದೆ. ಬಾವಿಯಿಂದ ಕೊಡ ಮೇಲೆಳೆಯುವುದಕ್ಕೂ, ತುಂಬಿದ ಕೊಡವನ್ನು ಹಗ್ಗ ಜಾರದಂತೆ ಹಿಡಿದು ಮೆಲ್ಲಗೆ ಕೆಳಗೆ ಬಿಡುವುದಕ್ಕೂ ಇರುವ ವ್ಯತ್ಯಾಸ ಇದು. ಎರಡನೆಯದರಲ್ಲಿ ದಮ್ಮು ಹತ್ತುವುದಿಲ್ಲ, ಅಂಗೈ ಕಿತ್ತುಬರುತ್ತದೆ. ಸ್ನಾಯುವಿನ ಎಳೆಗಳಲ್ಲೂ ಹೀಗೆ ಕಣ್ಣಿಗೆ ಕಾಣದ ಸೀಳುಗಳಾಗುತ್ತವೆ. ಆವತ್ತು ಏನೂ ಗೊತ್ತಾಗುವುದಿಲ್ಲ. ಭಾನುವಾರ ಇಳಿದವರು ಸೋಮವಾರ ಸ್ವಲ್ಪ ಬಿಗಿದುಕೊಂಡಿರುತ್ತಾರೆ, ಮಂಗಳವಾರ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಾರೆ. ನೋವು 24ರಿಂದ 72 ಗಂಟೆಯೊಳಗೆ ಏರಿ ತಾನಾಗಿ ಇಳಿಯುತ್ತದೆ. ಮಲಗುವುದಕ್ಕಿಂತ ನಿಧಾನಕ್ಕೆ ಓಡಾಡುವುದು ಹಿತ. ಆದರೆ ನೋವಿನ ಜೊತೆ ತೊಡೆ ಊದಿಕೊಂಡು ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ: ಹರಿದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದರ್ಥ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇಳಿಯುವ ಕ್ರಮ ಗೊತ್ತಿದ್ದರೆ ಅರ್ಧ ನೋವು ತಪ್ಪುತ್ತದೆ. ಮಂಡಿಯನ್ನು ಯಾವತ್ತೂ ಪೂರ್ತಿ ನೆಟ್ಟಗೆ ಮಾಡಿ ಹೆಜ್ಜೆ ಇಡಬೇಡಿ. ಕೊಂಚ ಬಾಗಿಯೇ ಇರಲಿ, ಇಲ್ಲದಿದ್ದರೆ ಪ್ರತಿ ಹೆಜ್ಜೆಯ ಪೆಟ್ಟು ನೇರ ಕೀಲಿಗೆ. ಹೆಜ್ಜೆ ಚಿಕ್ಕದು, ಪಾದ ಮಟ್ಟಸ. ಜಾರುವ ಭಯಕ್ಕೆ ಹಿಂದಕ್ಕೆ ವಾಲುವುದು ಎಲ್ಲರ ಅಭ್ಯಾಸ, ಜಾರಿ ಬೀಳಿಸುವುದೂ ಅದೇ: ಹಿಂದೆ ವಾಲಿದರೆ ಭಾರ ಹಿಮ್ಮಡಿಗೆ ಹೋಗಿ ಅಂಗಾಲಿನ ಹಿಡಿತ ತಪ್ಪುತ್ತದೆ. ಮೂಗು ಕಾಲ್ಬೆರಳಿನ ನೇರಕ್ಕೆ ಇರುವಂತೆ ಸ್ವಲ್ಪ ಮುಂದಕ್ಕೆ ಬಾಗಿ. ಕಡಿದಾದ ಕಡೆ ದಾರಿಯ ಅಗಲದೊಳಗೇ ಹಾವಿನಂತೆ ಆಚೆ-ಈಚೆ ಇಳಿಯಿರಿ. ದಾರಿ ಬಿಟ್ಟು ಹುಲ್ಲಿನ ಮೇಲೆ ಅಡ್ಡದಾರಿ ಮಾಡಬೇಡಿ, ಮುಂದಿನ ಮಳೆಗೆ ಆ ಗೆರೆಯೇ ಕೊರಕಲಾಗುತ್ತದೆ. ಕೋಲು ಹಿಡಿಯಲು ನಾಚಿಕೆ ಬೇಡ. ಎರಡು ಟ್ರೆಕ್ಕಿಂಗ್ ಪೋಲ್ ಇದ್ದರೆ ಒಳ್ಳೆಯದು. ಮಟ್ಟದ ನೆಲದಲ್ಲಿ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ ಇಟ್ಟು, ಇಳಿಯುವಾಗ 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿಕೊಳ್ಳಬೇಕು. ಕಾಲಿಗಿಂತ ಮೊದಲು ಕೋಲು ಕೆಳಗೆ ಊರಬೇಕು, ಆಮೇಲೆ ಊರಿದರೆ ಅದು ಅಲಂಕಾರಕ್ಕೆ ಮಾತ್ರ.

ಬಿದ್ದು ಕಾಲು ಉಳುಕಿಸಿಕೊಳ್ಳುವುದು ಹೆಚ್ಚಾಗಿ ಇಳಿಯುವಾಗಲೇ, ಅದೂ ದಣಿದು, ಬೆಳಕು ಕಡಿಮೆಯಾಗಿ, ಊಟದ ಆತುರದಲ್ಲಿ. ಅದಕ್ಕೆ ಹೊರಡುವ ಮೊದಲೇ ‘ತಿರುಗುವ ಹೊತ್ತು’ ಗೊತ್ತುಮಾಡಿಕೊಳ್ಳಬೇಕು. ಚಳಿಗಾಲದಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಐದೂವರೆಗೇ ಮಬ್ಬು. ಇಳಿಯಲು ನಾಲ್ಕು ಗಂಟೆ ಬೇಕಾದರೆ, ಒಂದು ಗಂಟೆ ಕೈಕಾವಲಿಗೆ ಇಟ್ಟುಕೊಂಡು, ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಬೇಕು. ತುದಿ ಕಣ್ಣೆದುರೇ ಕಾಣುತ್ತಿದ್ದರೂ ಅಷ್ಟೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಈ ನಿರ್ಧಾರ ನಿಮ್ಮ ಕೈಯಲ್ಲೂ ಇರುವುದಿಲ್ಲ; ಸಂಜೆಯೊಳಗೆ ಎಲ್ಲರೂ ಹೊರಗೆ ಬರಲೇಬೇಕು.

ಇದಕ್ಕೆ ತಯಾರಿ ಊರಲ್ಲೇ ಆಗುತ್ತದೆ. ಸ್ನಾಯುವಿಗೆ ಒಂದು ಗುಣವಿದೆ: ಒಮ್ಮೆ ಇಳಿತದ ಪೆಟ್ಟು ತಿಂದರೆ ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ನೋಯುವುದಿಲ್ಲ. ಅಪಾರ್ಟ್‌ಮೆಂಟಿನ ಒಂದು ಅಂತಸ್ತು ಸುಮಾರು 3 ಮೀಟರ್. ಹತ್ತು ಅಂತಸ್ತನ್ನು ಹತ್ತು ಸಲ ಹತ್ತಿದರೆ 300 ಮೀಟರ್, ಒಂದು ಚಾಮುಂಡಿ ಬೆಟ್ಟ. ಮೊದಲ ವಾರ ಮೂರು ಸಲ ಸಾಕು, ವಾರಕ್ಕೆ ಒಂದೋ ಎರಡೋ ಸುತ್ತು ಕೂಡಿಸುತ್ತಾ ಹೋದರೆ ಆರು ವಾರದಲ್ಲಿ ಹತ್ತಕ್ಕೆ ಬರುತ್ತೀರಿ. ಆದರೆ ಇಳಿಯುವಾಗ ಲಿಫ್ಟ್ ಹಿಡಿಯಬೇಡಿ, ಬೇಕಾದ ಅಭ್ಯಾಸ ಇರುವುದೇ ಅದರಲ್ಲಿ. ಮಂಡಿ ಸವೆದವರು, ಹೃದಯದ ತೊಂದರೆ ಇರುವವರು ಇದನ್ನೂ ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಶೂ

ಚಾಮುಂಡಿ ಅಥವಾ ನಂದಿ ಬೆಟ್ಟದ ಮೆಟ್ಟಿಲಿಗೆ ಸಾಧಾರಣ ಓಟದ ಶೂ ಸಾಕು. ಮಣ್ಣು-ಕಲ್ಲಿನ ದಾರಿಗೆ ಅಡಿಯಲ್ಲಿ 4-5 ಮಿಲಿಮೀಟರ್ ಆಳದ ಹಲ್ಲುಗಳಿರುವುದು ಬೇಕು. ಅಂಗಡಿಗೆ ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಉಬ್ಬಿರುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡೇ ನೋಡಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಬಿಟ್ಟಿರಬೇಕು. ಈ ಜಾಗ ಇಲ್ಲದಿದ್ದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ಉಗುರು ಶೂವಿನ ಮೂತಿಗೆ ಬಡಿದು, ಒಳಗೆ ರಕ್ತ ಕಟ್ಟಿ, ಉಗುರು ಕಪ್ಪಾಗಿ ಬೀಳುತ್ತದೆ. ಇಳಿಯುವ ಮೊದಲು ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರದ ಕೊನೆಯ ಎರಡು ತೂತಿನಲ್ಲಿ ಲೇಸನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಪಾದ ಮುಂದಕ್ಕೆ ಸರಿಯುವುದಿಲ್ಲ. ಹೊಸ ಶೂವನ್ನು ನೇರ ಬೆಟ್ಟಕ್ಕೆ ಒಯ್ಯಬೇಡಿ.

ಗುಳ್ಳೆ ಏಳುವುದಕ್ಕೆ ಬಿಸಿ, ತೇವ, ಉಜ್ಜಾಟ ಮೂರೂ ಸೇರಬೇಕು. ಹತ್ತಿಯ ಸಾಕ್ಸ್ ಬೆವರು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಎರಡನೆಯದನ್ನು ತಾನೇ ಒದಗಿಸುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಹಿಮ್ಮಡಿಯಲ್ಲಿ ಎಲ್ಲೋ ಬೆಚ್ಚಗೆ ಚುರುಗುಟ್ಟಿದರೆ ‘ಮುಂದೆ ನೋಡೋಣ’ ಅನ್ನಬೇಡಿ. ಅಲ್ಲೇ ಕೂತು, ಒರೆಸಿ, ಔಷಧಿ ಅಂಗಡಿಯ ಬಟ್ಟೆಯ ಟೇಪು ಅಂಟಿಸಿದರೆ ಎರಡು ನಿಮಿಷದ ಕೆಲಸ. ಗುಳ್ಳೆ ಎದ್ದ ಮೇಲೆ ಎರಡು ದಿನದ ಕುಂಟು.

ನೆಲ

ಬೆಂಗಳೂರಿನ ಸುತ್ತಲಿನ ಬೆಟ್ಟಗಳು, ಅದರಲ್ಲೂ 1,226 ಮೀಟರ್ ಎತ್ತರದ ಸಾವನದುರ್ಗ, ಬರೀ ಗ್ರಾನೈಟ್ ಹಾಸುಬಂಡೆ. ಒಣಗಿದ ಬಂಡೆ ಒರಟು; ಪೂರ್ತಿ ಅಂಗಾಲು ಊರಿದರೆ ನಂಬಲಾಗದಷ್ಟು ಇಳಿಜಾರಲ್ಲೂ ಶೂ ಹಿಡಿದು ನಿಲ್ಲುತ್ತದೆ. ಬಂಡೆಯ ಮೇಲೆ ಉದ್ದಕ್ಕೆ ಇಳಿದ ಕಪ್ಪು ಪಟ್ಟೆಗಳನ್ನು ನೋಡಿ: ಮಳೆನೀರು ಹರಿದ ಜಾಡು, ಒಣಗಿದ ಪಾಚಿ. ಬಿಸಿಲಲ್ಲಿ ಅದೂ ಹಿಡಿಯುತ್ತದೆ, ಒಂದು ತುಂತುರು ಬಿದ್ದರೆ ಸೋಪು. ಮಳೆ ಬರುವಂತಿದ್ದರೆ ಬಂಡೆ ಬೆಟ್ಟಕ್ಕೆ ಹೋಗದಿರುವುದೇ ಸರಿ. ಹತ್ತಿದ ಮೇಲೆ ಬಂದರೆ, ತಗ್ಗಿನ ಸುರಕ್ಷಿತ ಜಾಗದಲ್ಲಿ ಕೂತು ಬಂಡೆ ಆರಲು ಬಿಡಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಗುಡುಗು-ಮಳೆಯಲ್ಲಿ ಮಾತ್ರ ತುದಿಯಲ್ಲಿ, ಒಂಟಿ ಮರದ ಕೆಳಗೆ ನಿಲ್ಲಬಾರದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗೆ ಇದೆ ಎಂದರ್ಥ.

ಬಂಡೆಯ ಚಾಚಿನ ಕೆಳಗೆ ಹೆಜ್ಜೇನಿನ ಗೂಡು ತೂಗುತ್ತಿರುತ್ತದೆ. ಹೊಗೆ, ಕಿರುಚಾಟ, ಘಾಟು ಸೆಂಟು, ಕಲ್ಲೆಸೆತ ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು, ನಿಂತು ಕೈ ಬೀಸಬಾರದು.

ಮಲೆನಾಡಿನ ಮಳೆಗಾಲದ ಇಂಬಳ ಇದಕ್ಕೆ ಹೋಲಿಸಿದರೆ ಬರೀ ಕಿರಿಕಿರಿ. ಕಚ್ಚಿದ ಕಡೆ ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಬಿಡಿಸಿದ ಮೇಲೂ ಸೋರುತ್ತದೆ, ಗಾಬರಿ ಬೇಡ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಸರಿಸಿದರೆ ಕಳಚಿಕೊಳ್ಳುತ್ತದೆ. ಶೂ-ಸಾಕ್ಸಿಗೆ ಉಪ್ಪು, ಸುಣ್ಣ, ನಶ್ಯ ಸವರುವುದು ಊರಿನವರ ಉಪಾಯ. ಮಳೆ ತೊಳೆಯುವವರೆಗೆ ಕೆಲಸ ಮಾಡುತ್ತದೆ. ಮಂಡಿಯವರೆಗಿನ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಅದಕ್ಕಿಂತ ವಾಸಿ. ಹಳ್ಳ ದಾಟುವಾಗ ರಭಸದ ನೀರು ಮಂಡಿಗೆ ಬರುವಂತಿದ್ದರೆ ದಾಟಬೇಡಿ.

ಅನುಮತಿಯ ವಿಷಯ ಎರಡೇ ಮಾತು. ಅರಣ್ಯ ಇಲಾಖೆಯ ದಾರಿಗಳಿಗೆ ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಸೇರಿದ ಮೇಲೆ ಇದು ಬಿಗಿಯಾಯಿತು. ಕಾಡ್ಗಿಚ್ಚಿನ ಬೇಸಗೆಯಲ್ಲೂ ಜೋರು ಮಳೆಯಲ್ಲೂ ಹಲವು ದಾರಿ ಮುಚ್ಚಿರುತ್ತವೆ. ಹಿಂದಿನ ದಿನ ವಿಚಾರಿಸಿಯೇ ಬಸ್ಸು ಹತ್ತಿ.

ವಾಪಸು ಬಂದ ಮೇಲೆ ಒಂದು ಕೆಲಸ ಉಳಿದಿದೆ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಿಗೆ ಹೋಗಿದ್ದರೆ ಮುಖ್ಯವಾಗಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಳ್ಳಿ, ಸತ್ತ ಮಂಗ ಕಂಡರೆ ದೂರವಿದ್ದು ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಉಣುಗಿನ ಮರಿ ಸಾಸಿವೆ ಕಾಳಿಗಿಂತ ಚಿಕ್ಕದು, ಹೊಸ ಮಚ್ಚೆಯಂತೆ ಕಾಣುತ್ತದೆ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಬೇಕು, ಉಗುರಿನಲ್ಲಿ ಹಿಸುಕಬಾರದು. ಮುಂದಿನ ಹತ್ತು ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆ.